ಹಿಮ್ಮಡಿ ನೋಡದೆ ಎಣ್ಣೆ ಕೊಡದ ಮಕ್ತುಂಬಿ

ಸುರಪುರದ ಪಕ್ಕದ ರಂಗಂಪೇಟೆಯಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಭತ್ತದ ನಾಟಿಗೆ ಹೋಗುವ ಹೆಂಗಸರು ಬುತ್ತಿಗಂಟು ಹಿಡಿದು ಟಂಟಂ ಆಟೊಗೆ ಕಾಯುತ್ತಿದ್ದಾರೆ. ಅಲ್ಲೇ ಬೇವಿನ ಮರದ ಕೆಳಗೆ ಗೋಣಿಚೀಲ ಹಾಸಿ ಕುಳಿತ ಮಕ್ತುಂಬಿ ಒಬ್ಬೊಬ್ಬರ ಪಾದವನ್ನೂ ತಮ್ಮ ತೊಡೆಯ ಮೇಲಿಟ್ಟುಕೊಂಡು ಮೊಬೈಲ್ ಬೆಳಕಿನಲ್ಲಿ ಹಿಮ್ಮಡಿ ನೋಡುತ್ತಿದ್ದಾರೆ. ಪಕ್ಕದ ಸ್ಟೀಲ್ ಡಬ್ಬಿಯಲ್ಲಿ ಬೆಣ್ಣೆಯಂತೆ ಹೆಪ್ಪುಗಟ್ಟಿದ ಕೊಬ್ಬಿನ ಎಣ್ಣೆ.

"ಕುರಿ ಚರ್ಬಿದು ಅದ. ನಡೀತದೇನು?" ಯಾರೇ ಬಂದರೂ ಇದು ಅವರ ಮೊದಲ ಮಾತು. ಲಿಂಗಾಯತರ ಮನೆಯ ಕಸ್ತೂರಿಗೂ ಇದೇ ಪ್ರಶ್ನೆ. "ಬಾಯಿಗಲ್ಲಲ್ರಿ, ಕಾಲಿಗಿ" ಎಂದು ನಗುತ್ತಾ ಒಯ್ಯುವ ಕಸ್ತೂರಿ ಡಬ್ಬಿಯನ್ನು ಮನೆಯೊಳಗೆ ಮಾತ್ರ ಬಿಟ್ಟುಕೊಳ್ಳುವುದಿಲ್ಲ. ಹಿತ್ತಲಿನ ಬಟ್ಟೆ ಒಗೆಯುವ ಕಲ್ಲೇ ಅದರ ಕಾಯಂ ವಿಳಾಸ.

ಅರವತ್ತರ ಹತ್ತಿರದ ಮಕ್ತುಂಬಿ ಈ ಕೆಲಸ ಕಲಿತದ್ದು ಅತ್ತೆ ಶರೀಫಾಬೀಯಿಂದ. ಮೂರು ಕಿಲೊ ಚರ್ಬಿಯನ್ನು ಸಣ್ಣಗೆ ಹೆಚ್ಚಿ, ಉಪ್ಪುನೀರಿನಲ್ಲಿ ಕುದಿಸಿ, ಆರಿಸಿ, ಮೇಲೆ ಕಟ್ಟಿದ್ದನ್ನು ಎತ್ತಿ ಮತ್ತೆ ಸಣ್ಣ ಉರಿಯಲ್ಲಿ ಕಾಯಿಸಿದರೆ ಎರಡು ಕಿಲೊ ಸಿಕ್ಕೀತು. ಕಲ್ಲಾಗದಿರಲೆಂದು ಕುಸುಬಿ ಎಣ್ಣೆ ಬೆರೆಸುತ್ತಾರೆ. ನಾಟಿಯ ದಿನಗಳಲ್ಲಿ ಮೂವತ್ತು, ನಲವತ್ತು ಹಿಮ್ಮಡಿಗಳು ಅವರ ತೊಡೆಯೇರಿ ಇಳಿಯುತ್ತವೆ.

ಮಂಡಿನೋವಿಗೂ ಆಗುತ್ತದೆಯೇ ಎಂದು ಯಾರಾದರೂ ಕೇಳಿದರೆ ಮಕ್ತುಂಬಿ ನಕ್ಕುಬಿಡುತ್ತಾರೆ. "ತಿಕ್ಕಿದ್ರ ಹಿತ ಅನಸ್ತದ. ಅದು ಕೈ ಬಿಸಿ, ಎಣ್ಣಿದಲ್ಲ. ನನ್ನ ಎಣ್ಣಿ ತೊಗಲು ಮೆತ್ತಗ ಮಾಡ್ತದ, ಒಣ ಬಿರುಕು ಕೂಡಸ್ತದ. ಅಷ್ಟು ಮಾತ್ರ ಖರೆ."

ಈ ಹೊತ್ತಿಗೆ ಭೀಮಾಬಾಯಿಯ ಸರದಿ. ನಾಟಿ ಗುಂಪಿನಲ್ಲಿ ಎಲ್ಲರಿಗಿಂತ ಚುರುಕಿನ ಕೈ ಅವರದು. ಹಿಮ್ಮಡಿಯ ಬಿರುಕು ಆಳಕ್ಕಿಳಿದು ಕೀವು ಕಟ್ಟಿದೆ. ಮಕ್ತುಂಬಿ ಬೇವಿನ ಕಡ್ಡಿಯಿಂದ ಪಾದವನ್ನು ಅಲ್ಲಲ್ಲಿ ಒತ್ತುತ್ತಾರೆ.

"ಕಡ್ಡಿ ಒತ್ತಿದ್ದು ಗೊತ್ತಾಗಾಕತ್ತದೇನು?"

"ಏನು ಗೊತ್ತಾಗಬೇಕು ಬೂಬಮ್ಮ?"

ಮಕ್ತುಂಬಿ ಡಬ್ಬಿಯ ಮುಚ್ಚಳ ಹಾಕುತ್ತಾರೆ. "ನಿನಗ ಎಣ್ಣಿ ಇಲ್ಲವ್ವಾ. ದವಾಖಾನಿಗಿ ನಡಿ, ಸಕ್ಕರಿ ಬ್ಯಾನಿ ಅದ ಏನು ನೋಡಸು."

"ನೋವೇ ಇಲ್ಲಂದ್ರ ದವಾಖಾನಿ ಯಾಕ್ರಿ? ಟಂಟಂ ಹೊಂಟದ, ಕೊಡ್ರಿ!"

"ನೋವಿಲ್ಲ ಅಂತಿಯಲ್ಲ, ಅದಕ್ಕೇ ನನಗ ಅಂಜಿಕಿ."

ಭೀಮಾಬಾಯಿ ಸಿಟ್ಟಿನಿಂದ ಕಾಲು ಎಳೆದುಕೊಂಡು ಟಂಟಂ ಹತ್ತಿ ಕೂರುತ್ತಾರೆ. ಕೆಸರಿಗೆ ಇಳಿದರೆ ಆ ಕಾಲು ಏನಾದೀತೆಂದು ಮಕ್ತುಂಬಿಗೆ ಚೆನ್ನಾಗಿ ಗೊತ್ತು. ಎಂಟು ವರ್ಷಗಳ ಹಿಂದೆ ಗಂಡ ಖಾಜಾಹುಸೇನರ ಕಾಲ್ಬೆರಳಲ್ಲಿ ಇಂಥದೇ ಗಾಯವಾಗಿತ್ತು. ಅವರೂ ನೋವಿಲ್ಲ ಎಂದಿದ್ದರು. ಮಕ್ತುಂಬಿ ತಿಂಗಳಿಡೀ ಎರಡೂ ಹೊತ್ತು ಎಣ್ಣೆ ಹಚ್ಚಿ ಬಟ್ಟೆ ಕಟ್ಟಿದರು. "ಊರ ಮಂದಿ ಕಾಲೆಲ್ಲ ನನ್ನ ಎಣ್ಣಿಗಿ ಮೆತ್ತಗಾಗ್ಯಾವ, ನನ್ನ ಗಂಡಂದು ಆಗಂಗಿಲ್ಲೇನು ಅಂತ ಸೊಕ್ಕಿತ್ರಿ ನನಗ. ಒಳಗ ಕೊಳ್ಯಾಕತ್ತಿತ್ತು, ನಾ ಮ್ಯಾಲ ಮಿಂಚಿಸ್ಕೋತ ಕೂತೆ." ಡಾಕ್ಟರ ಬಳಿ ಹೋಗುವಷ್ಟರಲ್ಲಿ ಕಾಲ ಮಿಂಚಿತ್ತು, ಮೂರು ಬೆರಳು ತೆಗೆಯಬೇಕಾಯಿತು.

ಆಮೇಲೆ ಆರು ತಿಂಗಳು ಅವರ ಒಲೆಯ ಮೇಲೆ ಚರ್ಬಿ ಕಾಯಲಿಲ್ಲ. ಮತ್ತೆ ಒಲೆ ಹೊತ್ತಿಸಿದವರು ಖಾಜಾಹುಸೇನರೇ. "ತಪ್ಪು ಎಣ್ಣಿದಲ್ಲ, ನೋಡದೇ ಹಚ್ಚಿದ್ದರದು ಅಂದೆ. ಆವತ್ತಿಂದ ಆಕಿ ಕಡ್ಡಿ ಹಿಡದಾಳ" ಎನ್ನುತ್ತಾರೆ ಅವರು.

ಟಂಟಂ ಗುರ್ ಎನ್ನುತ್ತದೆ. ಮರದ ಕಟ್ಟೆಯ ಮೇಲೆ ಕುಳಿತಿದ್ದ ಖಾಜಾಹುಸೇನರು ಕುಂಟುತ್ತಾ ಹೋಗಿ ಅದಕ್ಕೆ ಅಡ್ಡ ನಿಲ್ಲುತ್ತಾರೆ. ಬೂಟು ಕಳಚಿ ಎರಡೇ ಬೆರಳು ಉಳಿದ ಬರಿಗಾಲನ್ನು ಟಂಟಂನ ಮೆಟ್ಟಿಲ ಮೇಲೆ ಇಡುತ್ತಾರೆ. "ನನಗೂ ನೋವಿದ್ದಿಲ್ಲವ್ವಾ" ಎನ್ನುತ್ತಾರೆ ಮೆಲ್ಲಗೆ. ಭೀಮಾಬಾಯಿ ಆ ಕಾಲನ್ನೊಮ್ಮೆ, ತಮ್ಮ ಕಾಲನ್ನೊಮ್ಮೆ ನೋಡಿ ಬುತ್ತಿಗಂಟು ಎತ್ತಿಕೊಂಡು ಇಳಿಯುತ್ತಾರೆ.

ಅವತ್ತಿನ ವ್ಯಾಪಾರ ಅಲ್ಲಿಗೇ ಮುಗಿಯುತ್ತದೆ. ಸರಕಾರಿ ದವಾಖಾನೆಯ ಸಾಲಿನಲ್ಲಿ ಭೀಮಾಬಾಯಿಯ ಪಕ್ಕಕ್ಕೇ ಮಕ್ತುಂಬಿ ಕೂರುತ್ತಾರೆ. ಸಕ್ಕರೆ ಕಾಯಿಲೆ ಇರುವುದು ನಿಜವೇ. ಡಾಕ್ಟರು ಗಾಯ ತೊಳೆಸಿ ಪಟ್ಟಿ ಕಟ್ಟಿಸಿ, ಸಕಾಲಕ್ಕೆ ಬಂದಿದ್ದೀರಿ, ದಿನಾ ಪಟ್ಟಿ ಬದಲಿಸಿದರೆ ಕಾಲು ಉಳಿಯುತ್ತದೆ ಎನ್ನುತ್ತಾರೆ. "ಒಂದಿನದ ಕೆಲಸ ಹೋತು" ಎಂದು ಗೊಣಗುವ ಭೀಮಾಬಾಯಿ ಮಕ್ತುಂಬಿಯ ಕೈ ಮಾತ್ರ ಬಿಡುವುದಿಲ್ಲ.

ದವಾಖಾನೆಯ ಹೊರಗಿನ ಬೇವಿನ ನೆರಳಲ್ಲಿ ಮಕ್ತುಂಬಿ ಡಬ್ಬಿಯನ್ನು ಸೆರಗಿನಿಂದ ಒರೆಸಿಕೊಳ್ಳುತ್ತಾರೆ. ನಿಮ್ಮ ಆಸೆ ಏನು ಎಂದರೆ ಭೀಮಾಬಾಯಿಯ ಪಟ್ಟಿ ಕಟ್ಟಿದ ಕಾಲಿನತ್ತ ನೋಡುತ್ತಾರೆ.

"ಗಾಯ ಪೂರಾ ಮಾಯಲಿ. ಡಾಕ್ಟರು ಹೂಂ ಅಂದ ದಿನ ಈಕಿ ಕಾಲಿಗಿ ನನ್ನ ಕೈಲೇ ಎಣ್ಣಿ ಹಚ್ಚಬೇಕು. ಐದೂ ಬೆರಳು ಎಣಿಸಿ ಹಚ್ಚತೀನ್ರಿ."