ಅಪ್ಪನ ರೈಫಲ್ಲಿಗೆ ಮಾವನ ಅಳತೆ

ಗೆಳೆಯರೇ, ಅಪ್ಪ ತೀರಿಕೊಂಡ ಮೇಲೆ ಅವರ ರೈಫಲ್ಲಿನ ಲೈಸೆನ್ಸು ಹಿಂದೂಪುರದ ಸೋದರಮಾವನ ಹೆಸರಿಗಾಗಿದೆ. ಇವತ್ತು ಬೆಳಿಗ್ಗೆ ಮಾವ ಅದನ್ನು ಕಲ್ಯಾಣದುರ್ಗದ ಬಡಗಿಯ ಮುಂದಿಟ್ಟು, ಭುಜಕ್ಕೆ ಒರಗುವ ಮರವನ್ನು ಎರಡು ಅಂಗುಲ ಕೊಯ್ಯಲು ಹೇಳಿದರು.

"ಭುಜಕ್ಕಿಟ್ರೆ ಟ್ರಿಗರ್‍ಗೆ ಬೆರಳೇ ಎಟುಕಲ್ಲ ಕಣಪ್ಪ. ನಿಮ್ಮಪ್ಪಂಗೆ ಅಳತೇನೇ ಗೊತ್ತಿರಲಿಲ್ಲ," ಎಂದರು ಪಕ್ಕದಲ್ಲಿದ್ದ ನನಗೆ.

ಅವರ ಭುಜದ ಮೇಲೆ ನಾಲ್ಕು ಮಡಿಕೆಯ ಕಂಬಳಿ ಇತ್ತು.

"ಕಂಬಳಿ ತೆಗ್ದು ಹಿಡೀರಿ ಸ್ವಾಮಿ," ಎಂದ ಬಡಗಿ.

"ಚಳೀಲಿ ಹೊಲಕ್ಕೆ ನುಗ್ಗೋ ಹಂದಿ ಕಾಯೋನು ಬರೀ ಮೈಲಿ ಹೋಯ್ತಾನೇನಯ್ಯಾ? ನೀಕೆಂದುಕು, ನಿಂಗ್ಯಾಕದು? ಕೊಯ್ಯಿ."

ಬಡಗಿ ಗರಗಸ ಎತ್ತಿಕೊಂಡ. ಅಪ್ಪನ ಕೆನ್ನೆ ಒರಗಿ ನುಣುಪಾದ ಮರ ಅದು. ನಾನು ತಡೆದು, ಹಿಂಬದಿಯ ಎರಡು ಸ್ಕ್ರೂ ಬಿಚ್ಚಿದೆ. ಎರಡು ಅಂಗುಲದ ಮರದ ತುಂಡು ಕೈಗೆ ಬಂತು. ಕಂಬಳಿ ಹೊದೆಯುವ ದಿನಗಳಲ್ಲಿ ಬಿಚ್ಚಿಟ್ಟು, ಬೇಸಿಗೆಯಲ್ಲಿ ಮತ್ತೆ ಕೂರಿಸಲೆಂದೇ ಅಪ್ಪ ಮಾಡಿಸಿದ್ದ ತುಂಡು. ಮಾವ ಮತ್ತೆ ಹಿಡಿದು ನೋಡಿದರು. ಬೆರಳು ಸರಿಯಾಗಿ ಕೂತಿತು.

"ಮೊದ್ಲೇ ಬೊಗಳಕ್ಕೆ ಏನ್ಲಾ ಆಗಿತ್ತು?" ಎಂದು ನನ್ನನ್ನೇ ಬೈದು, ರೈಫಲ್ ಹೆಗಲಿಗೇರಿಸಿ ಬಸ್ಸು ಹತ್ತಿದರು.

ತುಂಡನ್ನು ಅವರು ಕೇಳಲಿಲ್ಲ, ನಾನೂ ಕೊಡಲಿಲ್ಲ. ಬೇಸಿಗೆಯಲ್ಲೂ ಕಂಬಳಿ ಹೊದ್ದೇ ಹಂದಿ ಹೊಡೆಯಲಿ.