ಬಾಡಿಗೆ ಮನೆಯ ಗೋಡೆ, ಒಂಬತ್ತು ತಲೆಗಳ ಎಣ್ಣೆ ಕಲೆ

ಗಂಗಾವತಿಯ ಈ ಮನೆ ಬಾಡಿಗೆಗೆ ಕೊಡುವಾಗ ಮಾಲಕಿ ಶಾರದಕ್ಕ ಒಪ್ಪಿದ್ದು: ಎರಡು ದಿನಕ್ಕೊಮ್ಮೆ ನಳದ ನೀರು, ಅಂಗಳದಲ್ಲಿ ಬೈಕಿಗೆ ಜಾಗ, ಪ್ರತಿ ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಸಭೆ.

ಒಪ್ಪದೇ ಇದ್ದದ್ದು: ಗೋಡೆಗೆ ಮೊಳೆ. ಗೋಡೆಗೆ ಪೋಸ್ಟರ್. ಕ್ಯಾಲೆಂಡರ್ ಕೂಡ.

ಗೋಡೆಗೆ ತಲೆ ಆನಿಸಬಾರದು ಎಂದು ಮಾತ್ರ ಯಾರೂ ಹೇಳಿರಲಿಲ್ಲ.

ನಮ್ಮ ಸಭೆಗೆ ಬರುವವರು ಮನೆಗೆಲಸದ ಹೆಣ್ಣುಮಕ್ಕಳು, ಒಂಬತ್ತು ಜನ. ವಾರಕ್ಕೊಂದು ದಿನ ರಜೆ ಬೇಕು ಎನ್ನುವುದು ಬೇಡಿಕೆ. ವಾರವಿಡೀ ಬಗ್ಗಿದ ಬೆನ್ನು, ಕೂತರೆ ಸಾಕು, ಗೋಡೆ ಹುಡುಕುತ್ತದೆ.

ಆರು ತಿಂಗಳಲ್ಲಿ ಹಳದಿ ಗೋಡೆಯ ಮೇಲೆ ಒಂಬತ್ತು ದುಂಡನೆ ಎಣ್ಣೆ ಕಲೆ. ನಡುನಡುವೆ ಪ್ಲಾಸ್ಟಿಕ್ ಕುರ್ಚಿ ಉಜ್ಜಿದ ಕರಿ ಗೆರೆಗಳು.

ಮೊನ್ನೆ ಮಹಡಿಯಿಂದ ಇಳಿದು ಬಂದ ಶಾರದಕ್ಕ ನೋಡಿಬಿಟ್ಟರು. ಶನಿವಾರದೊಳಗೆ ಗೋಡೆ ಮೊದಲಿನಂತಾಗಬೇಕು, ಇಲ್ಲವಾದರೆ ಸಭೆ ಬೇರೆ ಕಡೆ ಮಾಡಿಕೊಳ್ಳಿ ಎಂದರು.

ಬೇರೆ ಕಡೆ ಎಂದರೆ ಎಲ್ಲಿ? ಸಮುದಾಯ ಭವನ ಕೇಳಿದರೆ ಅರ್ಜಿ ಕೊಡಿ ಅನ್ನುತ್ತಾರೆ. ಪಾರ್ಕಿನಲ್ಲಿ ಕೂತರೆ ಕೆಲಸದ ಮನೆಯವರ ಕಣ್ಣಿಗೆ ಬೀಳುತ್ತಾರೆ. ಈ ಕೋಣೆ ಹೋದರೆ ಸಂಘವೂ ಹೋದಂತೆ.

ಶುಕ್ರವಾರ ನಾನೇ ಕಣಕ್ಕಿಳಿದೆ. ಇಪ್ಪತ್ತು ವರ್ಷ ಊರ ಗೋಡೆಗಳ ಮೇಲೆ ಘೋಷಣೆ ಬರೆದವನು ನಾನು... ಅಳಿಸುವುದು ಯಾವತ್ತೂ ಸರ್ಕಾರದ ಕೆಲಸವಾಗಿತ್ತು.

ಸೋಪಿನ ಪುಡಿ, ಸ್ಟೀಲ್ ಸ್ಕ್ರಬ್ಬರ್. ಮೈಯಲ್ಲಿದ್ದ ಕಸುವೆಲ್ಲ ಹಾಕಿ ತಿಕ್ಕಿದೆ.

ಮೊದಲನೆಯ ಕಲೆ ಹೋಯಿತು. ಜೊತೆಗೆ ಬಣ್ಣವೂ ಹೋಯಿತು. ಬಾಡಿಗೆ ಮನೆಗೆ ಬಳಿಯುವ ಅಗ್ಗದ ಡಿಸ್ಟೆಂಪರ್, ಎಷ್ಟು ತಡೆದೀತು? ರೊಟ್ಟಿಯಷ್ಟು ಅಗಲದ ಬಿಳಿ ಸುಣ್ಣ ನನ್ನನ್ನೇ ನೋಡುತ್ತಿದೆ.

ಅಷ್ಟರಲ್ಲಿ ಹುಸೇನಬಿ ಬಂದರು. ನಮ್ಮ ಸಂಘದವರೇ. ಕೆಲಸ ಮೇಲೆ ಶಾರದಕ್ಕನ ಮನೆಯಲ್ಲಿ. ಸಭೆಗೆ ಬರುವುದು ಶಾರದಕ್ಕನಿಗೆ ಗೊತ್ತಿಲ್ಲ. ಕಾಯಿಪಲ್ಲೆ ತರುತ್ತೇನೆಂದು ಹೇಳಿ ಹಿತ್ತಲಿನಿಂದ ಒಳಗೆ ಬರುತ್ತಾರೆ.

ಗೋಡೆ ನೋಡಿ ಬಾಯಿಗೆ ಸೆರಗು ಹಿಡಿದರು. "ಅಣ್ಣಾ, ಇದು ಭಾಂಡೆ ಅಲ್ರಿ, ಗ್ವಾಡಿ. ಭಾಷಣ ಮಾಡಿದಂಗ ತಿಕ್ಕಿದ್ರ ಉಳಿತೈತೇನು?"

ನಾನು ಸ್ಕ್ರಬ್ಬರನ್ನು ಅವರತ್ತ ಚಾಚಿದೆ. ಮುಟ್ಟಲಿಲ್ಲ. ಕುರ್ಚಿ ಎಳೆದು ಕೂತರು.

"ನಿಮ್ಮ ಮನಿ, ನಿಮ್ಮ ಕೈ. ನನ್ನ ಡ್ಯೂಟಿ ಮುಗದೈತ್ರಿ."

ಅಲ್ಲಿಂದ ಒಂದು ತಾಸು ಅವರು ಹೇಳಿದ್ದು, ನಾನು ಮಾಡಿದ್ದು. ಕರಿ ಗೆರೆಗೆ ಶಾಲೆ ಮಕ್ಕಳ ರಬ್ಬರ್. ಎಣ್ಣೆ ಕಲೆಗೆ ಮುಖದ ಪೌಡರ್ ಒತ್ತಿ, ಅದು ಎಣ್ಣೆ ಹೀರಿದ ಮೇಲೆ ಚೆನ್ನಾಗಿ ಹಿಂಡಿದ ಮೆತ್ತನೆ ಬಟ್ಟೆ. ಅದೂ ಕೆಳಗಿನಿಂದ ಮೇಲಕ್ಕೆ, ಇಲ್ಲವಾದರೆ ನೀರು ಇಳಿದು ಹೊಸ ಗೆರೆ.

ಶ್ರಮದ ಘನತೆಯ ಬಗ್ಗೆ ನಾನು ಮಾಡಿದ ಯಾವ ಭಾಷಣದಲ್ಲೂ ಇದು ಇರಲಿಲ್ಲ.

ಕಲೆಗಳೆಲ್ಲ ಹೋದವು. ನನ್ನ ಬಿಳಿ ರೊಟ್ಟಿ ಮಾತ್ರ ಉಳಿಯಿತು. ಅದಕ್ಕೆ ಅದೇ ಬಣ್ಣ ಬೇಕು. ಮಿಕ್ಕಿದ ಡಬ್ಬಿ ಶಾರದಕ್ಕನ ಅಟ್ಟದ ಮೇಲಿದೆ ಎಂದು ಹುಸೇನಬಿಗೆ ಗೊತ್ತು, ಅಲ್ಲಿ ಧೂಳು ಹೊಡೆಯುವವರು ಅವರೇ.

ನಾನೇ ಹೋಗಿ ಕೇಳುತ್ತೇನೆ ಎಂದೆ. ರಜೆ ಕೇಳಬೇಕಾದವಳು ಬಣ್ಣ ಕೇಳಲು ಅಂಜಿದರೆ ಹೇಗೆ ಎನ್ನುತ್ತಾ ಅವರೇ ಮೆಟ್ಟಿಲು ಹತ್ತಿದರು. ಇವರ ಕೆಲಸ ಹೋಯಿತು ಅಂದುಕೊಂಡೆ, ಅದೂ ನನ್ನ ಸ್ಕ್ರಬ್ಬರಿನಿಂದ.

ಡಬ್ಬಿಯ ಹಿಂದೆಯೇ ಶಾರದಕ್ಕನೂ ಇಳಿದು ಬಂದರು. ಗೋಡೆ ನೋಡಿದರು, ನನ್ನ ಕೈಯಲ್ಲಿದ್ದ ಒದ್ದೆ ಬಟ್ಟೆ ನೋಡಿದರು, ಆಮೇಲೆ ಹುಸೇನಬಿಯನ್ನು.

"ನೀನೂ ಬರ್ತಿಯೇನ ಈ ಸಭಾಕ್ಕ?"

"ಆರು ತಿಂಗಳಿಂದ ಬರಾಕತ್ತೀನ್ರಿ ಅಕ್ಕಾರ. ಕಿಟಕಿ ಬಾಜೂಕಿನ ಎಣ್ಣಿ ಕಲಿ ನಂದ ಇತ್ತು."

ಶಾರದಕ್ಕ ಕಿಟಕಿ ಪಕ್ಕದ ಗೋಡೆಯ ಮೇಲೆ ಬೆರಳಾಡಿಸಿದರು. ಆಮೇಲೆ, ಗೋಡೆ ಛಲೋ ಆಗಿದೆ, ಸಭೆ ಇಲ್ಲೇ ನಡೆಯಲಿ, ಆದರೆ ಮಧ್ಯಾಹ್ನ ಮೂರಕ್ಕೆ, ಊಟದ ಪಾತ್ರೆ-ಭಾಂಡೆ ಮುಗಿದ ಮೇಲೆ ಎಂದರು.

ನಾನು ತಲೆಯಾಡಿಸುವುದರಲ್ಲಿದ್ದೆ. ಗೆದ್ದೆವು ಅನ್ನಿಸಿತ್ತು ನನಗೆ.

ಹುಸೇನಬಿ ಡಬ್ಬಿಯ ಮುಚ್ಚಳ ತೆಗೆಯುತ್ತಾ ಮೆಲ್ಲಗೆ ಹೇಳಿದರು: "ಭಾನುವಾರದ ಭಾಂಡೆ ನೀವ ತಿಕ್ಕೋರಿ ಅಕ್ಕಾರ. ಅವತ್ತು ನಂದು ಸೂಟಿ."

ಶಾರದಕ್ಕ ಮಹಡಿಯತ್ತ ಹೊರಟರು. ಅರ್ಧ ಮೆಟ್ಟಿಲಲ್ಲಿ ನಿಂತು, ಒಂದು ಭಾನುವಾರ ನೋಡೋಣ ಎಂದರು.

ನಿಮ್ಮ ಮನೆಯಲ್ಲಿ ಭಾಂಡೆ ತಿಕ್ಕುವವರನ್ನೂ ಸಭೆಗೆ ಕಳಿಸಿಕೊಡಿ: ಈ ಭಾನುವಾರ, ಬೆಳಿಗ್ಗೆ ಹನ್ನೊಂದು ಗಂಟೆಗೆ.