ಸಾವಧಾನಪ್ಪ ಆರಿಸಿದ ಪ್ರೊಸೆಸರ್

ನಮ್ಮ ಆಸ್ಪತ್ರೆಯ ಕಂಪ್ಯೂಟರ್ ವಿಭಾಗದವನನ್ನು ಎಲ್ಲರೂ ಸಾವಧಾನಪ್ಪ ಎಂದೇ ಕರೆಯುತ್ತಿದ್ದರು. ನಾನು ಅಲ್ಲಿ ಜನರೇಟರ್ ನೋಡಿಕೊಳ್ಳುವವನು; ನೆಲಮಾಳಿಗೆಯಲ್ಲಿ ಅವನ ಕೋಣೆಗೂ ನನ್ನ ಕೋಣೆಗೂ ನಡುವೆ ಒಂದೇ ಗೋಡೆ. ಬೀಗ ಹಾಕಿದ ಮೇಲೆ ಎಳೆದು ನೋಡುತ್ತಿದ್ದ, ಮೆಟ್ಟಿಲ ತನಕ ಹೋದವನು ವಾಪಸು ಬಂದು ಮತ್ತೆ ಎಳೆಯುತ್ತಿದ್ದ. ಇಂಥವನ ಜೊತೆ ಹೆಂಡತಿ ಹೇಗೆ ಏಗುತ್ತಾಳಪ್ಪ ಎಂದು ನಾವು ನಗುತ್ತಿದ್ದೆವು. "ಮದ್ವೆಗೂ ಎರಡು ವರ್ಷ ಯೋಚ್ನೆ ಮಾಡ್ದೆ, ಅವಳೇ ಬೇಜಾರಾಗಿ ದಿನ ಗೊತ್ತು ಮಾಡಿದ್ಲು" ಎಂದು ಅವನೂ ನಗುತ್ತಿದ್ದ. ಒಳ್ಳೆಯ ಮನುಷ್ಯ. ಅದನ್ನು ಈಗಲೇ ಹೇಳಿಬಿಡುತ್ತೇನೆ, ಆಮೇಲೆ ಹೇಳಲು ಬಾಯಿ ಬರುತ್ತದೋ ಇಲ್ಲವೋ.

ಅವನ ಕೋಣೆಯಲ್ಲಿ ದೊಡ್ಡ ಪೆಟ್ಟಿಗೆಗಳು ಎರಡು: ಒಂದು ಹೊಸದು, ಒಂದು ಹಳೆಯದು. ಲ್ಯಾಬಿನ ಕಂಪ್ಯೂಟರ್, ಔಷಧಿ ವಿಭಾಗದ ಕಂಪ್ಯೂಟರ್, ಸ್ಕ್ಯಾನಿನ ಕಂಪ್ಯೂಟರ್ ಎಂದು ನಾವು ಹೇಳುತ್ತಿದ್ದುದೆಲ್ಲ ಆ ಪೆಟ್ಟಿಗೆಗಳ ಹೊಟ್ಟೆಯೊಳಗೇ ಓಡುವ ವರ್ಚುವಲ್ ಮಷೀನ್‌ಗಳು, ಅಂದರೆ ಮೈಯಿಲ್ಲದ ಕಂಪ್ಯೂಟರುಗಳು. ಒಂದೊಂದಕ್ಕೂ ಎಂಥ ಪ್ರೊಸೆಸರ್, ಅಂದರೆ ಎಂಥ ಮೆದುಳು, ತೋರಿಸಬೇಕೆಂದು ಆರಿಸಬೇಕಂತೆ. ಎರಡೂ ಪೆಟ್ಟಿಗೆಗೆ ಬರುವಷ್ಟೇ ವಿದ್ಯೆಯ ಸಾಧಾರಣ ಪ್ರೊಸೆಸರ್ ಕೊಟ್ಟರೆ ಕೆಲಸ ನಿಧಾನ. ಆದರೆ ಒಂದು ಪೆಟ್ಟಿಗೆ ಕೆಡುವ ಹಾಗೆ ಕಂಡರೆ, ನಿದ್ದೆ ಹೋದ ಮಗುವನ್ನು ಎಚ್ಚರವಾಗದಂತೆ ಬೇರೆ ಹಾಸಿಗೆಗೆ ಮಲಗಿಸಿದ ಹಾಗೆ, ಮಷೀನನ್ನು ಓಡುತ್ತಿರುವಾಗಲೇ ಇನ್ನೊಂದಕ್ಕೆ ಸಾಗಿಸಬಹುದು. ಹೊಸ ಪೆಟ್ಟಿಗೆಯ ಅಸಲಿ ಪ್ರೊಸೆಸರನ್ನೇ ಕೊಟ್ಟರೆ ವೇಗವೋ ವೇಗ. ಆದರೆ ಆ ವಿದ್ಯೆ ಹಳೆಯದಕ್ಕೆ ಗೊತ್ತಿರುವುದಿಲ್ಲ, ಅಲ್ಲಿಗೆ ಸಾಗಿಸಿದರೆ ಮಷೀನ್ ನಿಂತೇಹೋಗಬಹುದು. ಸಾವಧಾನಪ್ಪ ಎಲ್ಲದಕ್ಕೂ ಸಾಧಾರಣದ್ದೇ ಕೊಟ್ಟಿದ್ದ. ಇನ್ನೇನು ಕೊಟ್ಟಾನು!

ಇದಕ್ಕೆ ಅವನ ಜೀವ ತಿನ್ನುತ್ತಿದ್ದವನು ನನ್ನ ತಮ್ಮ, ಆಂಬುಲೆನ್ಸ್ ಡ್ರೈವರ್. ಬಾಯಿ ಜೋರು, ಕರುಳು ಮೆತ್ತಗೆ. ಒಂದು ದಿನ ನೆಲಮಾಳಿಗೆಗೇ ಇಳಿದು ಬಂದು ಸಾವಧಾನಪ್ಪನ ಎದುರು ನಿಂತ.

"ನಾನು ಪ್ರಾಣ ಪಣಕ್ಕಿಟ್ಟು ಓಡಿಸ್ಕೊಂಡು ಬರ್ತೀನಿ, ನಿಮ್ಮ ಡಬ್ಬ ಒಂದು ಚಿತ್ರ ತೋರ್ಸೋಕೆ ಆಕಳಿಸ್ತಾ ಕೂತಿರತ್ತೆ. ಏನಣ್ಣಾ ಇದು?"

"ನಿಧಾನ ಆದ್ರೂ ಕೈ ಕೊಡಲ್ಲ ಕಣೋ ಅದು."

"ನಿನ್ನೆ ಕಾಯ್ತಾ ಕಾಯ್ತಾ ಸ್ಟ್ರೆಚರ್ ಮೇಲೇ ಹೋದ್ರಲ್ಲ ಆ ಅಜ್ಜಿ, ಅವರ ಮನೆಯವ್ರಿಗೆ ಹೇಳಿ ಈ ಮಾತನ್ನ."

ಸಾವಧಾನಪ್ಪನ ಮುಖ ಕಪ್ಪಿಟ್ಟಿತು. ಮರುದಿನವೇ ಸ್ಕ್ಯಾನಿನ ವರ್ಚುವಲ್ ಮಷೀನಿಗೆ ಅಸಲಿ ಪ್ರೊಸೆಸರ್ ಆರಿಸಿದ. ಅವನ ಜಾಯಮಾನ ಬಿಡುತ್ತದೆಯೇ? ಮಷೀನನ್ನು ಹಳೆಯ ಪೆಟ್ಟಿಗೆಗೆ ಸಾಗಿಸಿ, ವಾಪಸು ತಂದು ನೋಡಿದ. ಏನೂ ಆಗಲಿಲ್ಲ. ಇಷ್ಟು ದಿನ ಸುಮ್ಮನೆ ಹೆದರಿದೆನಲ್ಲ ಎಂದು ನನ್ನ ಬಳಿ ಹೇಳಿಕೊಂಡ.

ಅಲ್ಲೇ ಎಡವಿದ್ದ. ಪ್ರೊಸೆಸರ್ ಬದಲಾಗುವುದು ಮಷೀನನ್ನು ಪೂರ್ತಿ ಆರಿಸಿ ಮತ್ತೆ ಹಚ್ಚಿದಾಗ ಮಾತ್ರ. ಅವನು ಪರೀಕ್ಷೆ ಮಾಡಿದಾಗ ಒಳಗೆ ಓಡುತ್ತಿದ್ದುದು ಇನ್ನೂ ಹಳೆಯ, ಸಾಧಾರಣ ಪ್ರೊಸೆಸರೇ. ಕೆಲವು ದಿನ ಕಳೆದು ಸ್ಕ್ಯಾನ್ ವಿಭಾಗದಲ್ಲಿ ರಿಪೇರಿ ಕೆಲಸ ಬಂದಾಗ ಆ ವರ್ಚುವಲ್ ಮಷೀನನ್ನು ಆರಿಸಿ ಹಚ್ಚಿದ. ವೇಗ ಬಂದದ್ದು ಆಗ. ಎಲ್ಲರೂ ಬೆನ್ನು ತಟ್ಟಿದರು, ತಮ್ಮ ಅವನನ್ನು ತಬ್ಬಿ ಎತ್ತಿಯೇಬಿಟ್ಟ. ಬೀಗವನ್ನು ಎರಡು ಸಲ ಎಳೆಯುವವನು ಇದನ್ನು ಎರಡನೇ ಸಲ ಸಾಗಿಸಿ ನೋಡಲಿಲ್ಲ. ಆ ವೇಗದಿಂದ ಬದುಕಿದವರು ಎಷ್ಟೋ ಜನ ಇದ್ದಾರು. ಅವರೆಲ್ಲ ನಡೆದುಕೊಂಡು ಮನೆಗೆ ಹೋದರು, ಅವರ ಮುಖ ಕೂಡ ನನಗೆ ಗೊತ್ತಿಲ್ಲ.

ಮಳೆ ಬಂದು ರಸ್ತೆ ಜಾರುತ್ತಿದ್ದ ಒಂದು ಮಧ್ಯಾಹ್ನ ಲಾರಿಯೊಂದು ತಮ್ಮನ ಆಂಬುಲೆನ್ಸಿಗೆ ಗುದ್ದಿತು. ತಲೆಯೊಳಗೆ ರಕ್ತ. ಸ್ಕ್ಯಾನಿನ ಚಿತ್ರ ಕಣ್ಣು ಮಿಟುಕಿಸುವಷ್ಟರಲ್ಲಿ ಬಂತು, ಡಾಕ್ಟರು ಅದನ್ನು ಎದುರಿನ ತೆರೆಯಲ್ಲಿಟ್ಟುಕೊಂಡು ತಲೆಬುರುಡೆ ತೆರೆದರು. ನಾನೂ ಅಮ್ಮನೂ ಬಾಗಿಲ ಹೊರಗೆ ಕೂತಿದ್ದೆವು.

ಕೆಳಗೆ ನಡೆದದ್ದನ್ನು ಸಾವಧಾನಪ್ಪ ನನಗೆ ಆಮೇಲೆ ಹೇಳಿದ. ಹೊಸ ಪೆಟ್ಟಿಗೆಯ ಫ್ಯಾನ್ ನಿಂತು ಕಾವು ಏರತೊಡಗಿತು. ಪೆಟ್ಟಿಗೆ ನಿಂತರೆ ಮೇಲೆ ಚಿತ್ರವೂ ಹೋಗುತ್ತದೆ. ನನ್ನ ತಮ್ಮನದು ಮೊದಲು ಬಚಾವಾಗಲಿ ಎಂದು ಸ್ಕ್ಯಾನಿನ ಮಷೀನನ್ನೇ ಎಲ್ಲಕ್ಕಿಂತ ಮುಂಚೆ ಹಳೆಯದಕ್ಕೆ ಸಾಗಿಸಿದ. ಅದು ಅಲ್ಲಿಗೆ ಹೋಗಿ ಕಲ್ಲಾಯಿತು. ಅದರ ಬೆನ್ನಿಗೇ ಹೋದ ಸಾಧಾರಣದವೆಲ್ಲ ಏನೂ ಆಗದಂತೆ ಓಡುತ್ತಿದ್ದವು. ಆಗ ಅವನಿಗೆ ಎಲ್ಲ ಹೊಳೆಯಿತು. ಮಷೀನನ್ನು ನಿಲ್ಲಿಸಿ, ಸಾಧಾರಣ ಪ್ರೊಸೆಸರ್ ಕೊಟ್ಟು, ಮೊದಲಿಂದ ಹಚ್ಚಿದ. ಫೋನು ಬಡಿದುಕೊಳ್ಳುತ್ತಲೇ ಇತ್ತು, ಎತ್ತಲು ಅವನಿಗೆ ಕೈ ಬಿಡುವಿರಲಿಲ್ಲ.

ಮೇಲೆ ತೆರೆ ಕಪ್ಪಾಗಿತ್ತು. ನರ್ಸ್ ಹೊರಗೆ ಓಡಿಬಂದು ಕೂಗಾಡಿದಳು, ಒಳಗೆ ಹೋದಳು. ರಕ್ತ ನಿಲ್ಲಲಿಲ್ಲ. ಡಾಕ್ಟರು ಕಾದರು, ಕಾಯಲಾಗದೆ ನೆನಪಿನ ಮೇಲೆಯೇ ಕೈ ಹಾಕಿದರು. ಎಷ್ಟೋ ಹೊತ್ತಿನ ಮೇಲೆ ಟೋಪಿ ಕೈಯಲ್ಲಿ ಹಿಡಿದು ಹೊರಬಂದು ಅಮ್ಮನ ಮುಂದೆ ನಿಂತರು. ಅವರು ಬಾಯಿ ತೆರೆಯುವ ಮೊದಲೇ ನಮಗೆ ಗೊತ್ತಾಯಿತು. ಅಮ್ಮ ನನ್ನ ಕೈ ಹಿಡಿದುಕೊಂಡಳು, ಅಳಲಿಲ್ಲ.

ಅಷ್ಟರಲ್ಲಿ ಮೆಟ್ಟಿಲ ಕಡೆಯಿಂದ ಸಾವಧಾನಪ್ಪ ಓಡಿಬಂದ. ಜನ್ಮದಲ್ಲಿ ಅವನು ಓಡಿದ್ದನ್ನು ನಾನು ಕಂಡಿರಲಿಲ್ಲ. ಅಂಗಿಯೆಲ್ಲ ಬೆವರು, ಮುಖದ ತುಂಬ ನಗು.

"ಬಂತು! ಚಿತ್ರ ಬಂತು! ಡಾಕ್ಟ್ರಿಗೆ ಹೇಳ್ರಪ್ಪ, ಬಂತು ಅಂತ!"

ನನಗೆ ಅವನ ಕುತ್ತಿಗೆ ಹಿಸುಕುವಷ್ಟು ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ? ಏಳಹೊರಟ ನನ್ನ ಕೈಯನ್ನು ಅಮ್ಮ ಬಿಡಲಿಲ್ಲ. ಸಾವಧಾನಪ್ಪನನ್ನೇ ನೋಡುತ್ತಿದ್ದಳು.

"ಹೋಗಿ ಹೇಳೋ ಅವನಿಗೆ" ಎಂದಳು. "ಪಾಪ, ಅವನಿಗಿನ್ನೂ ಗೊತ್ತಿಲ್ಲ."